ಕಾರ್ಡು ಎತ್ತಿರಿ, ಕಣ್ಣು ಮುಚ್ಚಬೇಡಿ

ಜಾತ್ರೆಯಲ್ಲಿ ಗಿಳಿಶಾಸ್ತ್ರದವರನ್ನು ನೀವು ನೋಡಿಯೇ ಇರುತ್ತೀರಿ. ಪಂಜರದ ಬಾಗಿಲು ತೆಗೆದರೆ ಗಿಳಿ ಹೊರಬಂದು, ಸಾಲಾಗಿಟ್ಟ ಚೀಟಿಗಳಲ್ಲಿ ಒಂದನ್ನು ಕೊಕ್ಕಿನಿಂದ ಎಳೆದು, ಕಾಳು ತಿಂದು ಒಳಗೆ ಹೋಗುತ್ತದೆ. ಈಗ ಕಮಲಾಪುರದ ಮನೆಯಲ್ಲಿ ಕುಳಿತೇ ಮೊಬೈಲಿನಲ್ಲಿ ಟ್ಯಾರೋ ಕಾರ್ಡು ಎತ್ತುತ್ತೀರಿ. ಬೇಡ ಅನ್ನುವುದಿಲ್ಲ. ಆದರೆ ಎತ್ತುವುದಕ್ಕೂ ಒಂದು ರೀತಿ ಇದೆ.

ಮೊದಲು ಅದೇನೆಂದು ತಿಳಿಯಿರಿ. 15ನೇ ಶತಮಾನದ ಇಟಲಿಯಲ್ಲಿ ಟ್ಯಾರೋ ಬರೀ ಇಸ್ಪೀಟಿನಂಥ ಆಟ. ಅದರಿಂದ ಭವಿಷ್ಯ ಹೇಳುವ ರೂಢಿ 18ನೇ ಶತಮಾನದ ಫ್ರಾನ್ಸಿನಲ್ಲಿ ಬೆಳೆಯಿತು. ಒಟ್ಟು 78 ಕಾರ್ಡು. ಇದೇ ರೀತಿ ಎತ್ತುವ ಒರಾಕಲ್ ಎಂಬ ಕಾರ್ಡಿಗಂತೂ ಮಾಡಿದವರು ಇಟ್ಟದ್ದೇ ಲೆಕ್ಕ. ನಾಳೆಯ ಸುದ್ದಿ ಕಾಗದಕ್ಕೆ ಗೊತ್ತಿಲ್ಲ. ಚಿತ್ರ ಕಂಡಾಗ ನಿಮ್ಮ ಮನಸ್ಸು ಎಲ್ಲಿಗೆ ಓಡುತ್ತದೆ ಎಂಬುದಷ್ಟೇ ಉಪಯೋಗದ ಮಾತು.

16ನೇ ಕಾರ್ಡು ಗೋಪುರ. 1909ರಲ್ಲಿ ಪಮೇಲಾ ಕೋಲ್ಮನ್ ಸ್ಮಿತ್ ಬರೆದ ಚಿತ್ರದಲ್ಲಿ ಸಿಡಿಲು ಬಡಿದು ಗೋಪುರದ ಕಿರೀಟ ಹಾರಿದೆ, ಇಬ್ಬರು ಕೆಳಗೆ ಬೀಳುತ್ತಿದ್ದಾರೆ. ನೋಡಿದೊಡನೆ ಸಾಲದ ನೋಟಿಸು ನೆನಪಾಯಿತೇ? ಇನ್ನೊಂದು ಕಾರ್ಡು ಎತ್ತಬೇಡಿ. ಕಪಾಟಿನಿಂದ ನೋಟಿಸು ತೆಗೆದು, ಕಟ್ಟಬೇಕಾದ ಮೊತ್ತ, ದಿನಾಂಕ ಓದಿ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ?

ಪ್ರಶ್ನೆಯೂ ನೆಟ್ಟಗಿರಲಿ. ‘ತೊಗರಿಗೆ ದರ ಬರುತ್ತದಾ?’ ಎಂದು ಕಾರ್ಡನ್ನು ಕೇಳಬೇಡಿ, ಕಲಬುರಗಿ ಎಪಿಎಂಸಿಯಲ್ಲಿ ವಿಚಾರಿಸಿ. ‘ಮಾರುವುದನ್ನು ನಾನು ಯಾಕೆ ಮುಂದೂಡುತ್ತಿದ್ದೇನೆ?’ ಎಂದು ಕೇಳಿಕೊಳ್ಳಿ. ಒಂದು ಪ್ರಶ್ನೆಗೆ ಒಂದೇ ಕಾರ್ಡು. ಬೇಕಾದ ಉತ್ತರ ಬರುವ ತನಕ ಕಲೆಸಿ ಕಲೆಸಿ ಎತ್ತುವ ಚಟ ನಿಮಗೆ ಒಳ್ಳೆಯದಲ್ಲ. ಕುಣಿಯಲಾರದವಳು ನೆಲ ಡೊಂಕೆಂದಳಂತೆ. ಮನಸ್ಸಿಗೆ ಹೊಳೆದದ್ದನ್ನು ಎರಡು ಸಾಲು ಬರೆದು, ಕೆಳಗೆ ಮಾಡಬೇಕಾದ ಒಂದು ಕೆಲಸ ಬರೆಯಿರಿ.

13ನೇ ಕಾರ್ಡಿನ ಹೆಸರು ಸಾವು ಎಂದು ಬೆಚ್ಚಬೇಡಿ. ಕಾರ್ಡು ಓದಿ ಹೇಳುವವರೇ ಅದನ್ನು ಬದಲಾವಣೆ ಎನ್ನುತ್ತಾರೆ. ದೋಷವಿದೆ, ಪರಿಹಾರಕ್ಕೆ ಇಷ್ಟು ಹಾಕಿ ಎಂದರೆ ಮಾತ್ರ ಎದ್ದು ಬನ್ನಿ. ರೋಗಕ್ಕೆ ವೈದ್ಯರೇ ಸರಿ. ನಿದ್ದೆಯಿಲ್ಲದೆ ರಾತ್ರಿಯೆಲ್ಲ ಕಾರ್ಡು ತಿರುವುತ್ತಿದ್ದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ; ಅದು ಉಚಿತ. ಜಾತ್ರೆಯ ಗಿಳಿಯ ಮೇಲೂ ಕನಿಕರ ಇರಲಿ: 1972ರ ವನ್ಯಜೀವಿ ಕಾಯ್ದೆಯಂತೆ ನಮ್ಮ ಗಿಳಿಯನ್ನು ಹಿಡಿದು ಪಂಜರದಲ್ಲಿಡುವುದು ಅಪರಾಧ.

ಕಮಲಾಪುರದಿಂದ ಹುಮನಾಬಾದ್ ದಾಟಿದರೆ ಬಸವಕಲ್ಯಾಣ. ತಾರಾಬಲ, ಚಂದ್ರಬಲಕ್ಕೆ ಅಂಜಬೇಕಿಲ್ಲ ಎಂದು ಬಸವಣ್ಣನವರು 12ನೇ ಶತಮಾನದಲ್ಲೇ ಹೇಳಿದ ನೆಲದವರು ನಾವು. ಇಂದು ಎತ್ತಿದ ಕಾರ್ಡು ಸಂಜೆಯೊಳಗೆ ನಿಮ್ಮಿಂದ ಒಂದು ಕೆಲಸ ಮಾಡಿಸದಿದ್ದರೆ, ಆ ಆಪನ್ನು ಮೊಬೈಲಿನಿಂದ ತೆಗೆದುಬಿಡಿ.