ಗ್ರಂಥಿ ಮೊದಲು, ತಕ್ಕಡಿ ಆಮೇಲೆ

ಪುಟ್ಟಿ, ಹೋದ ಭಾನುವಾರ ನೀನು ಶಿವಮೊಗ್ಗದಿಂದ ಬಂದು ಅಡುಗೆಮನೆ ಕಟ್ಟೆಯ ಮೇಲೆ ಚೀಲ ಬಿಚ್ಚಿದಾಗ ನಾನು ಏನೂ ಹೇಳಲಿಲ್ಲ. ಮನೆ ತುಂಬ ಜನ ಇದ್ದರು. ಥೈರಾಯ್ಡ್ ಮಾತ್ರೆಯ ಬಾಟಲಿ ಕಂಡಿತು, ಅದು ನಿನಗೆ ಬೇಕಾದದ್ದೇ. ಅದರ ಪಕ್ಕದಲ್ಲಿ ಫೋನಿನಲ್ಲಿ ತರಿಸಿಕೊಂಡ ಕ್ಯಾಪ್ಸೂಲಿನ ಡಬ್ಬಿ, ಅಡ್ರಿನಲ್ ಗ್ರಂಥಿಗೆ ಬಲ ಕೊಡುತ್ತದಂತೆ. ಕೂದಲಿಗೆಂದು ಬಯೋಟಿನ್. ಗುಲಾಬಿ ಬಣ್ಣದ ಉಪ್ಪಿನ ಪೊಟ್ಟಣ. ಎಲ್ಲರೂ ಹಜಾರಕ್ಕೆ ಹೋದ ಮೇಲೆ ನೀನು ಮೆಲ್ಲಗೆ ಹೇಳಿದೆ: "ದೊಡ್ಡಮ್ಮ, ಮಾಘದಲ್ಲಿ ನಿಶ್ಚಿತಾರ್ಥ. ಅಷ್ಟರಲ್ಲಿ 10 ಕೆಜಿ ಇಳೀಬೇಕು. ಅದಕ್ಕೇ ಒಂದು ಮಾತ್ರೆ ಬದಲು ಎರಡು ತಗೋತಿದೀನಿ." ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಎದುರಿಗೆ ಕೂತು ಹೇಳಿದರೆ ಅತ್ತುಬಿಡುತ್ತೀಯ ಅಂತ ಬರೆಯುತ್ತಿದ್ದೇನೆ.

ಎರಡನೆಯ ಮಾತ್ರೆಯನ್ನು ಇವತ್ತೇ ನಿಲ್ಲಿಸು. ಡಾಕ್ಟರು ಬರೆದಷ್ಟೇ ತಗೋ. ಥೈರಾಕ್ಸಿನ್ ತೂಕ ಇಳಿಸುವ ಔಷಧಿಯಲ್ಲ, ನಿನ್ನ ಕುತ್ತಿಗೆಯ ಗ್ರಂಥಿ ಮಾಡಬೇಕಾದ್ದನ್ನು ಮಾಡಲಾರದೆ ಬಿಟ್ಟಿದ್ದನ್ನು ಅಷ್ಟೇ ಅಷ್ಟು ತುಂಬಿಕೊಡುವ ಹಾರ್ಮೋನು. ಹೆಚ್ಚಾದರೆ ಎದೆ ಡವಗುಟ್ಟುತ್ತದೆ, ಕೈ ನಡುಗುತ್ತದೆ, ಮೂಳೆ ಸವೆಯುತ್ತದೆ. ಇಳಿದ ತೂಕದಲ್ಲಿ ಮಾಂಸಖಂಡವೂ ಸೇರಿಹೋಗುತ್ತದೆ. ಇನ್ನೊಂದು ವಿಷಯ ನಿನಗೆ ಯಾರೂ ಹೇಳಿರಲಾರರು. ಥೈರಾಯ್ಡ್ ಕಡಿಮೆಯಾಗಿದ್ದಕ್ಕೇ ಏರುವ ತೂಕ ಸಾಮಾನ್ಯವಾಗಿ 2ರಿಂದ 4 ಕೆಜಿಯಷ್ಟು ಮಾತ್ರ, ಅದರಲ್ಲೂ ಹೆಚ್ಚಿನದು ಮೈಯಲ್ಲಿ ನಿಂತ ಉಪ್ಪು ಮತ್ತು ನೀರು. ಸರಿಯಾದ ಡೋಸಿನಲ್ಲಿ ಅದು ತಾನಾಗಿ ಇಳಿಯುತ್ತದೆ. ಉಳಿದದ್ದು ನನ್ನದು, ನಿನ್ನದು, ಎಲ್ಲರದ್ದೂ ಒಂದೇ ಕಥೆ: ತಟ್ಟೆ, ಕಾಲು, ನಿದ್ದೆ. ಅದನ್ನು ಮಾತ್ರೆಯ ಮೇಲೆ ಹೊರಿಸಬೇಡ.

ನನಗೆ ಥೈರಾಯ್ಡ್ ಗೊತ್ತಾದದ್ದು 34ರಲ್ಲಿ, ನಿನ್ನ ಅಣ್ಣ ಹುಟ್ಟಿದ ಮೇಲೆ. ಭದ್ರಾವತಿಯ ಏಪ್ರಿಲ್ ಬಿಸಿಲಿನಲ್ಲೂ ಸ್ವೆಟರ್ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದೆ. ನಿನ್ನ ದೊಡ್ಡಪ್ಪನಿಗೆ ಕಾರ್ಖಾನೆಯಲ್ಲಿ ಮೊದಲ ಪಾಳಿ ಇದ್ದ ವಾರ ನಾನು ನಾಲ್ಕೂವರೆಗೆ ಏಳುತ್ತಿದ್ದೆ, ಅವರಿಗೆ ಕಾಫಿ ಮಾಡಿ ನಾನೂ ಒಂದು ಲೋಟ ಕುಡಿಯುತ್ತಾ ಅದರ ಜೊತೆಗೇ ಮಾತ್ರೆ ನುಂಗುತ್ತಿದ್ದೆ. ಎರಡು ವರ್ಷ ರಕ್ತಪರೀಕ್ಷೆಯಲ್ಲಿ ಥೈರಾಯ್ಡಿನ ಅಳತೆಯಾದ ಟಿಎಸ್‌ಎಚ್ ಇಳಿಯಲೇ ಇಲ್ಲ. ಡೋಸು 50ರಿಂದ 75, 75ರಿಂದ 100. ಕೊನೆಗೆ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರು "ಅಮ್ಮ, ಮಾತ್ರೆ ಹೇಗೆ ತಗೋತೀರಿ?" ಎಂದು ಕೇಳಿದರು. ಅದುವರೆಗೆ ಯಾರೂ ಕೇಳಿರಲಿಲ್ಲ. ಕಾಫಿ ಆ ಮಾತ್ರೆಯನ್ನು ಹೊಟ್ಟೆ ಹೀರದಂತೆ ತಡೆಯುತ್ತದೆ. ಖಾಲಿ ಹೊಟ್ಟೆಗೆ ಬರಿ ನೀರಿನಲ್ಲಿ ನುಂಗು, ಅರ್ಧದಿಂದ ಒಂದು ಗಂಟೆ ಬಿಟ್ಟು ಕಾಫಿ ಕುಡಿ. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಇದ್ದರೆ 4 ಗಂಟೆ ಅಂತರ. ಡೋಸು ಬದಲಾದ ಮೇಲೆ 6ರಿಂದ 8 ವಾರ ಕಾಯದೆ ರಕ್ತ ಕೊಡಬೇಡ, ಆ ಹಾರ್ಮೋನು ಮೈಯಲ್ಲಿ ಅರ್ಧಕ್ಕೆ ಇಳಿಯಲು ಒಂದು ವಾರ ಬೇಕು, ಹದಕ್ಕೆ ಬರಲು ಅಷ್ಟು ದಿನ ಹಿಡಿಯುತ್ತದೆ. ಬಯೋಟಿನ್ನನ್ನು ಪರೀಕ್ಷೆಗೆ ಎರಡು ಮೂರು ದಿನ ಮೊದಲೇ ಬಿಡು. ಅದು ರಿಪೋರ್ಟಿನ ಅಂಕಿಯನ್ನೇ ತಿರುಚಬಲ್ಲದು.

ಈಗ ಆ ಕ್ಯಾಪ್ಸೂಲಿನ ಡಬ್ಬಿಯ ವಿಷಯ. ಇದಕ್ಕೆ ನಾನು ನಿನ್ನ ಅಮ್ಮನಿಗೂ ಪೂರ್ತಿ ಹೇಳದ ಒಂದು ಮಾತು ಹೇಳಬೇಕು.

ನನಗೆ 56 ಆದಾಗ ಮೊಣಕಾಲು ಹಿಡಿದುಕೊಂಡಿತ್ತು. ಯಾರೋ ಹೇಳಿದರು, ಬಸ್ಸಿನಲ್ಲಿ ಅರ್ಧ ದಿನದ ದಾರಿಯ ಊರೊಂದರಲ್ಲಿ ಪುಡಿ ಕೊಡುತ್ತಾರೆ, ಬರಿ ಬೇರು ನಾರು, ಏನೂ ಅಪಾಯವಿಲ್ಲ ಎಂದು. ಹೋದೆ. ಹೆಸರಿಲ್ಲದ ಕಾಗದದ ಪೊಟ್ಟಣ, ಬಿಳಿ ಪುಡಿ. ಮೂರೇ ದಿನಕ್ಕೆ ನೋವು ಮಾಯ. ಹಸಿವು ಹೆಚ್ಚಿತು, ಮುಖ ದುಂಡಗಾಯಿತು. ನೆಂಟರು "ಈಗ ಮೈ ಕೈ ತುಂಬಿಕೊಂಡಿದೀಯ" ಎಂದು ಸಂತೋಷಪಟ್ಟರು. 14 ತಿಂಗಳಲ್ಲಿ 9 ಕೆಜಿ. ಹೊಟ್ಟೆಯ ಮೇಲೆ ನೇರಳೆ ಬಣ್ಣದ ಅಗಲ ಗೆರೆ, ಕುತ್ತಿಗೆಯ ಹಿಂದೆ ಗಡ್ಡೆಯಂತೆ ಕೊಬ್ಬು, ಸ್ವಲ್ಪ ತಾಗಿದರೂ ಕಪ್ಪಗೆ ಕಂದುವ ಚರ್ಮ, ಹೊಸದಾಗಿ ಬಂದ ಸಕ್ಕರೆ. ನಾನು ಎಲ್ಲಕ್ಕೂ ಥೈರಾಯ್ಡನ್ನೇ ಬೈದೆ. ಟಿಎಸ್‌ಎಚ್ ನೋಡಿದರೆ ಸರಿಯಾಗೇ ಇತ್ತು.

ಆ ಪುಡಿಯಲ್ಲಿ ಇದ್ದದ್ದು ಸ್ಟಿರಾಯ್ಡ್. ನಮ್ಮ ಮೂತ್ರಪಿಂಡಗಳ ನೆತ್ತಿಯ ಮೇಲೆ ಟೋಪಿಯಂತೆ ಕೂತ ಎರಡು ಚಿಕ್ಕ ಗ್ರಂಥಿಗಳಿವೆ, ಅವೇ ಅಡ್ರಿನಲ್. ದಿನವೂ ಅವು ಕಾರ್ಟಿಸಾಲ್ ಸುರಿಸುತ್ತವೆ, ಬೆಳಗಿನ ಹೊತ್ತು ಹೆಚ್ಚು, ರಾತ್ರಿ ಕಡಿಮೆ. ಹೊರಗಿನಿಂದ ಅದೇ ಜಾತಿಯ ವಸ್ತು ತಿಂಗಳುಗಟ್ಟಲೆ ಬಂದು ಬೀಳುತ್ತಿದ್ದರೆ ಅವು ಕೆಲಸ ನಿಲ್ಲಿಸಿ ಮಲಗಿಬಿಡುತ್ತವೆ. ಶಾಲೆಯಲ್ಲಿ ವಿಜ್ಞಾನ ಕಲಿಸಿದವಳಾಗಿಯೂ ನನಗೆ ಇದು ಗೊತ್ತಿರಲಿಲ್ಲ. ನಿನ್ನ ಅಕ್ಕ ಬೈದಳೆಂದು ಒಂದು ಸೋಮವಾರ ಪುಡಿಯನ್ನು ಪೂರ್ತಿ ಬಿಟ್ಟೆ. ಅದೇ ವಾರ ಜ್ವರ ಬಂತು. ಗುರುವಾರ ವಾಂತಿ, ಶುಕ್ರವಾರ ಬಚ್ಚಲಿನಿಂದ ಎದ್ದು ನಿಲ್ಲಲಾಗಲಿಲ್ಲ. ಶಿವಮೊಗ್ಗದ ಆಸ್ಪತ್ರೆಗೆ ಒಯ್ದಾಗ ಬಿಪಿ 80ಕ್ಕೆ ಇಳಿದಿತ್ತು. ಡಾಕ್ಟರು ಕೇಳಿದ ಮೊದಲ ಪ್ರಶ್ನೆ: "ಯಾವುದಾದರೂ ಪುಡಿ, ಮಾತ್ರೆ ತಗೋತಿದ್ರಾ?" ನಾನು ನಾಚಿಕೆಯಿಂದ ಇಲ್ಲ ಅಂದೆ. ಎರಡನೆಯ ಸಲ ಕೇಳಿದಾಗ ಹೇಳಿದೆ. ಆ ಎರಡು ಉತ್ತರಗಳ ನಡುವೆ ಹೋದ ಹೊತ್ತನ್ನು ನೆನೆದರೆ ಈಗಲೂ ಕೈ ತಣ್ಣಗಾಗುತ್ತದೆ ಮಗಳೇ. ಹೈಡ್ರೋಕಾರ್ಟಿಸೋನ್ ಇಂಜೆಕ್ಷನ್, ಸಲೈನ್, ಆಮೇಲೆ 10 ತಿಂಗಳು ಡೋಸನ್ನು ಚೂರುಚೂರೇ ಇಳಿಸುತ್ತಾ ಬಂದರು. ಡೋಸು ಇಳಿದಂತೆ ಮುಖದ ಊತ ಇಳಿಯಿತು, ಒಂದೂವರೆ ವರ್ಷದಲ್ಲಿ 9ರಲ್ಲಿ 7 ಕೆಜಿ ಹೋಯಿತು. ಉಪವಾಸ ಮಾಡಿ ಇಳಿದದ್ದಲ್ಲ ಅದು. ಕಾರಣ ಹೋಯಿತು, ಆಮೇಲೆ ತೂಕ ಹೋಯಿತು.

ನಿನ್ನ ಫೋನು ಹೇಳುವುದೇನು? ಅಡ್ರಿನಲ್ ಸುಸ್ತಾಗಿದೆ, ಅದಕ್ಕೇ ದಪ್ಪ ಆಗಿದೀಯ ಎಂದು. ಅಡ್ರಿನಲ್ ನಿಜವಾಗಿ ಸೋತರೆ ಮನುಷ್ಯ ಬಡವಾಗುತ್ತಾನೆ. 1855ರಲ್ಲಿ ಥಾಮಸ್ ಅಡಿಸನ್ ಎಂಬ ಇಂಗ್ಲಿಷ್ ವೈದ್ಯರು ವಿವರಿಸಿದ ಕಾಯಿಲೆ ಅದು: ತೂಕ ಇಳಿಯುತ್ತದೆ, ಅಂಗೈ ಗೆರೆ, ಒಸಡು ಕಪ್ಪಾಗುತ್ತವೆ, ಉಪ್ಪು ತಿನ್ನುವ ಆಸೆ, ಎದ್ದು ನಿಂತರೆ ತಲೆಸುತ್ತು. ನಮ್ಮ ದೇಶದಲ್ಲಿ ಕ್ಷಯವೂ ಆ ಗ್ರಂಥಿಯನ್ನು ತಿಂದುಹಾಕುವುದುಂಟು. ಕಾರ್ಟಿಸಾಲ್ ಹೆಚ್ಚಾದರೆ ಮಾತ್ರ ನನ್ನ ಹಾಗೆ ಊದುವುದು, ಅದನ್ನು ಕುಶಿಂಗ್ ಅನ್ನುತ್ತಾರೆ. 'ಸುಸ್ತಾದ ಅಡ್ರಿನಲ್' ಎಂಬ ರೋಗಕ್ಕೆ ಆಧಾರವಿಲ್ಲ ಎಂದು 2016ರಲ್ಲಿ ಹಳೆಯ ಅಧ್ಯಯನಗಳನ್ನೆಲ್ಲ ಕೂಡಿಸಿ ನೋಡಿದ ವೈದ್ಯರು ಬರೆದರು. 2018ರಲ್ಲಿ ಅಮೆರಿಕದಲ್ಲಿ ಇಂಥ 12 ಬಗೆಯ ಡಬ್ಬಿಗಳನ್ನು ಪರೀಕ್ಷೆ ಮಾಡಿದಾಗ ಎಲ್ಲದರಲ್ಲೂ ಥೈರಾಯ್ಡ್ ಹಾರ್ಮೋನು ಸಿಕ್ಕಿತು, ಹೆಚ್ಚಿನವುಗಳಲ್ಲಿ ಒಂದಾದರೂ ಸ್ಟಿರಾಯ್ಡ್ ಜಾತಿಯದು ಇತ್ತು. ಚೀಟಿಯ ಮೇಲೆ ಅದು ಬರೆದಿರಲಿಲ್ಲ. ನಿನ್ನ ಡಬ್ಬಿಯಲ್ಲಿ ಏನಿದೆಯೋ ನಿನಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ಥೈರಾಯ್ಡೂ ಅಡ್ರಿನಲ್ಲೂ ಎರಡೂ ನಿಜವಾಗಿ ಕಡಿಮೆ ಇರುವವರು ಅಪರೂಪಕ್ಕೆ ಇರುತ್ತಾರೆ. ಅವರಿಗೆ ಕಾರ್ಟಿಸಾಲಿನ ಮಾತ್ರೆ ಮೊದಲು ಕೊಟ್ಟು ಆಮೇಲೆ ಥೈರಾಕ್ಸಿನ್ ಕೊಡಬೇಕು. ಕ್ರಮ ತಪ್ಪಿ ಥೈರಾಕ್ಸಿನ್ ಮೊದಲಾದರೆ ಇರುವ ಅಲ್ಪಸ್ವಲ್ಪ ಕಾರ್ಟಿಸಾಲೂ ಬೇಗ ಖರ್ಚಾಗಿ ಪ್ರಾಣಕ್ಕೇ ಬರುತ್ತದೆ. ಅದಕ್ಕೇ ಹೇಳುವುದು, ಇದು ನಾವು ನಾವೇ ಮನೆಯಲ್ಲಿ ಕೂತು ಹೆಚ್ಚು ಕಡಿಮೆ ಮಾಡುವ ಲೆಕ್ಕವಲ್ಲ.

ಉಪ್ಪಿನದು ಚಿಕ್ಕ ಮಾತು. ಮಳೆ ಸುರಿದು ಸುರಿದು ಮಲೆನಾಡಿನ ಮಣ್ಣಿನ ಅಯೋಡಿನ್ ತೊಳೆದುಹೋಗಿದೆ. ನನ್ನ ಅಜ್ಜಿಯ ಕಾಲದಲ್ಲಿ ಅದರ ಕೊರತೆಯಿಂದ ಗಳಗಂಡ ಬಂದ ಹೆಂಗಸರನ್ನು ನಾನೇ ಕಂಡಿದ್ದೇನೆ. ಸರ್ಕಾರ 1962ರಿಂದ ಗಳಗಂಡದ ಹಿಂದೆ ಬಿದ್ದು ಅಯೋಡಿನ್ ಉಪ್ಪನ್ನು ಮನೆಮನೆಗೆ ಮುಟ್ಟಿಸಿತು. ನಿನ್ನ ಗುಲಾಬಿ ಉಪ್ಪಿಗೆ ಅಯೋಡಿನ್ ಬೆರೆಸಿರುವುದಿಲ್ಲ ಸಾಮಾನ್ಯವಾಗಿ. ಮನೆಯ ಮಾಮೂಲಿ ಪ್ಯಾಕೆಟ್ ಉಪ್ಪೇ ಸಾಕು. ಥೈರಾಯ್ಡಿಗೆ ಆಗದು ಅನ್ನುವ ಎಲೆಕೋಸು, ಹೂಕೋಸನ್ನು ಬೇಯಿಸಿ ತಿನ್ನಲು ಹೆದರಬೇಡ.

ಊಟಕ್ಕೆ ಬರೋಣ. ನಮ್ಮ ತಟ್ಟೆಯಲ್ಲಿ ಬೆಳಿಗ್ಗೆ ಅಕ್ಕಿರೊಟ್ಟಿ, ಮಧ್ಯಾಹ್ನ ಅನ್ನ, ಸಂಜೆ ಮಂಡಕ್ಕಿ, ರಾತ್ರಿ ಮತ್ತೆ ಅನ್ನ. ನಾಲ್ಕೂ ಅಕ್ಕಿಯೇ. ನಿನ್ನ ದೊಡ್ಡಪ್ಪನ ತಲೆಮಾರು ಅಷ್ಟು ತಿಂದೂ ತೆಳ್ಳಗಿತ್ತು. ಕಬ್ಬಿಣದ ಕಾರ್ಖಾನೆಗೂ ಕಾಗದದ ಕಾರ್ಖಾನೆಗೂ ಸೈಕಲ್ ತುಳಿದು ಹೋಗಿ, ಎಂಟು ಗಂಟೆ ನಿಂತು, ಮತ್ತೆ ತುಳಿದು ಬರುತ್ತಿದ್ದರು. ಕಾಗದದ ಕಾರ್ಖಾನೆ ಎಂಪಿಎಂ ನಿಂತಿತು, ಸೈಕಲ್ಲೂ ನಿಂತಿತು, ಅನ್ನದ ಗಾತ್ರ ಮಾತ್ರ ಹಾಗೇ ಉಳಿಯಿತು. ನೀನು ದುರ್ಗಿಗುಡಿಯ ಆಫೀಸಿನಲ್ಲಿ ಒಂಬತ್ತು ಗಂಟೆ ಕೂರುತ್ತೀಯ. ಅನ್ನವನ್ನು ಅರ್ಧ ಮಾಡು, ಬಿಡಬೇಡ. ಆ ಜಾಗಕ್ಕೆ ಮೊಳಕೆ ಹುರುಳಿ, ಹೆಸರುಬೇಳೆ ಕೋಸಂಬರಿ, ಮೊಟ್ಟೆ ತಿನ್ನುತ್ತೀಯಾದರೆ ಮೊಟ್ಟೆ, ಬಾಳೆದಿಂಡಿನ ಪಲ್ಯ, ಹರಿವೆ ಸೊಪ್ಪು. ಒಂದೆಲಗದ ತಂಬುಳಿ ಮಾಡಿಕೊಂಡರೆ ಎಣ್ಣೆ ಒಗ್ಗರಣೆಯ ಸಾರೂ ಬೇಡ. ಸಂಜೆ ಬೇಕರಿ ಬನ್ನಿನ ಬದಲು ಒಂದು ಹಿಡಿ ಹುರಿದ ಶೇಂಗಾ. ಊಟ ಬಿಟ್ಟು ಬಿಟ್ಟು ಇಳಿಸಿದವರು ನನ್ನ ಕಣ್ಣೆದುರೇ ಮತ್ತೆ ಏರಿದ್ದಾರೆ.

ವಾರಕ್ಕೆ 150 ನಿಮಿಷ ನಡೆ. ಫ್ರೀಡಂ ಪಾರ್ಕಿನಲ್ಲೋ ನೆಹರೂ ಸ್ಟೇಡಿಯಮ್ಮಿನಲ್ಲೋ ದಿನಕ್ಕೆ ಅರ್ಧ ಗಂಟೆಯಂತೆ ಐದು ದಿನ, ಪಕ್ಕದವರ ಜೊತೆ ಮಾತಾಡಬಹುದು, ಹಾಡಲಾಗದು, ಅಷ್ಟು ಬಿರುಸು. ಎರಡು ದಿನ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ನೀರಿನ ಬಾಟಲಿ ಎತ್ತುವುದು, ಮಾಂಸಖಂಡಕ್ಕೆ ಬೇಕು ಅದು. ವಾರಕ್ಕೆ ಅರ್ಧ ಕೆಜಿ ಇಳಿದರೆ ಬಹಳ ಒಳ್ಳೆಯದು. ಮಾಘಕ್ಕೆ 4 ಕೆಜಿ ಆದರೆ ನಾನು ನಿನ್ನನ್ನು ತಬ್ಬಿಕೊಳ್ಳುತ್ತೇನೆ. ತಕ್ಕಡಿಗಿಂತ ಸೊಂಟಕ್ಕೆ ಟೇಪು ಹಿಡಿ, ನಮ್ಮ ಹೆಣ್ಣುಮಕ್ಕಳಿಗೆ 80 ಸೆಂಟಿಮೀಟರ್ ದಾಟದಿದ್ದರೆ ಚೆಂದ.

ಹುಡುಗನ ಮನೆಯವರಿಗೆ ಥೈರಾಯ್ಡ್ ಇದೆ ಎಂದು ಈಗಲೇ ಹೇಳು, ಬೇಕಿದ್ದರೆ ನಾನು ಹೇಳುತ್ತೇನೆ. ಮುಚ್ಚಿಟ್ಟು ಮದುವೆಯಾಗಿ ಅತ್ತೆಗೆ ಕಾಣದಂತೆ ಬೆಳಗಿನ ಮಾತ್ರೆ ತಪ್ಪಿಸಿದವರನ್ನು ನಾನು ಬಲ್ಲೆ. ಬಸುರಿಯಾದಾಗ ಈ ಮಾತ್ರೆಯ ಡೋಸು ಕಾಲುಭಾಗವೋ ಇನ್ನೂ ಸ್ವಲ್ಪ ಹೆಚ್ಚೋ ಏರಿಸಬೇಕಾಗುತ್ತದೆ, ಮಗುವಿನ ಮಿದುಳು ಮೊದಲ ತಿಂಗಳುಗಳಲ್ಲಿ ತಾಯಿಯ ಹಾರ್ಮೋನನ್ನೇ ನಂಬಿರುತ್ತದೆ. ಆಗ ಮುಚ್ಚಿಡಲು ಆಗುವುದೇ ಇಲ್ಲ.

ಆ ಡಬ್ಬಿಯನ್ನು ಕಸದ ಬುಟ್ಟಿಗೆ ಎಸೆಯಬೇಡ. ಒಂದು ಮುಗಿಸಿ ಎರಡನೆಯದು ತೆರೆದಿದ್ದೀಯ, ಅಂದರೆ ತಿಂಗಳು ಕಳೆದಿದೆ. ನಾಳೆಯೇ ನಿನ್ನ ಡಾಕ್ಟರ ಹತ್ತಿರವೋ ಮೆಗ್ಗಾನ್ ಆಸ್ಪತ್ರೆಗೋ ಡಬ್ಬಿ ಸಮೇತ ಹೋಗು. ಎರಡು ಮಾತ್ರೆ ನುಂಗಿದ್ದನ್ನೂ ಹೇಳು, ಮೊದಲ ಸಲ ಕೇಳಿದಾಗಲೇ ಹೇಳು. ಹೇಗೆ ಬಿಡಬೇಕು ಎಂದು ಅವರು ಹೇಳುತ್ತಾರೆ. ಕಾರ್ಟಿಸಾಲ್ ನೋಡಬೇಕು ಎಂದರೆ ಬೆಳಿಗ್ಗೆ 8ರ ಹೊತ್ತಿಗೆ ರಕ್ತ ಕೊಡಬೇಕಾಗುತ್ತದೆ. ಅದಕ್ಕೆ ಮೊದಲೇ ವಾಂತಿ, ತಲೆಸುತ್ತು, ವಿಪರೀತ ಸುಸ್ತು ಬಂದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗು. ನನಗೂ ಫೋನ್ ಮಾಡು, ಎಷ್ಟು ಹೊತ್ತಾದರೂ ಸರಿ. ಅರ್ಧ ಗಂಟೆಯ ದಾರಿ, ನಾನು ಬರುತ್ತೇನೆ.

ನಿನ್ನ ದೊಡ್ಡಮ್ಮ