ಮನ ಕುಗ್ಗಿದಾಗ ಹಾಡನ್ನು ಎಲ್ಲಿಂದ ಆರಂಭಿಸಬೇಕು?



ಆಟಿ ತಿಂಗಳ ಒಂದು ಮಧ್ಯಾಹ್ನವನ್ನು ಕಣ್ಣ ಮುಂದೆ ತಂದುಕೊಳ್ಳಿರಿ. ಉಡುಪಿಯಿಂದ ಮಣಿಪಾಲಕ್ಕೆ ಹೋಗುವ ರಸ್ತೆಯಲ್ಲಿರುವ ಕಡಿಯಾಳಿಯಲ್ಲಿ ಒಂದು ಮನೆ. ಹೊರಗೆ ಬಿಡದೆ ಸುರಿಯುವ ಮಳೆ, ಬಸ್ಸುಗಳ ಸದ್ದು. ಒಳಗೆ ಒಬ್ಬ ತಾಯಿ ಒಬ್ಬರೇ ಕುಳಿತಿದ್ದಾರೆ. ಯಜಮಾನರು ತೀರಿಕೊಂಡು ನಲವತ್ತು ದಿನಗಳಾದವು. ಮಗ ರಜೆ ಮುಗಿಸಿ ದುಬಾಯಿಗೆ ಮರಳಿದ್ದಾನೆ. ಸೊಸೆ ಕೆಲಸಕ್ಕೆ ಹೋಗಿದ್ದಾಳೆ. ಕಪಾಟಿನ ಮೇಲೆ ಹಳೆಯ ರೇಡಿಯೋ ಇದೆ. ತಾಯಿಯ ಕೈ ಅದರ ಕಡೆಗೆ ಹೋಗುತ್ತದೆ, ಮತ್ತೆ ಹಿಂದೆ ಸರಿಯುತ್ತದೆ. ಸಾವಾದ ಮನೆಯಲ್ಲಿ ಸಿನೆಮಾ ಹಾಡೇ? ನೆರೆಯವರು ಏನೆಂದುಕೊಂಡಾರು? ದೇವರು ಏನೆಂದುಕೊಂಡಾನು?

ಸಂಜೆ ಸೊಸೆ ಬರುತ್ತಾಳೆ. ಅತ್ತೆಯ ಬಾಡಿದ ಮುಖ ನೋಡಿ ಅವಳಿಗೆ ಸಂಕಟವಾಗುತ್ತದೆ. ಮೊಬೈಲಿನಲ್ಲಿ ಒಂದು ಕುಣಿತದ ಹಾಡು ಹಾಕಿ, "ಮಾಯಿ, ಇದನ್ನು ಕೇಳಿ, ಮನಸ್ಸು ಹಗುರವಾಗುತ್ತದೆ" ಎನ್ನುತ್ತಾಳೆ. ಅತ್ತೆ ಮಾತಾಡದೆ ಎದ್ದು ಕೋಣೆಯ ಬಾಗಿಲು ಹಾಕಿಕೊಳ್ಳುತ್ತಾರೆ.

ಇದು ಕಲ್ಪಿಸಿದ ಮನೆ. ಆದರೆ ಇಂಥ ತಾಯಿ, ಇಂಥ ಸೊಸೆ ನಮ್ಮ ನಡುವೆ ಇಲ್ಲವೇ? ಸೊಸೆಯ ಪ್ರೀತಿಯಲ್ಲಿ ದೋಷವಿರಲಿಲ್ಲ. ಹಾಗಾದರೆ ತಪ್ಪಿದ್ದು ಎಲ್ಲಿ? ಈ ವಾರ ಅದನ್ನು ತಿಳಿಯೋಣ.

ಚಿತ್ರಗೀತೆ ನಮಗೆ ಹೊರಗಿನದೇ?

ಮೊದಲು ಆ ತಾಯಿಯ ಅಳುಕನ್ನು ನೋಡೋಣ. ಚಿತ್ರಗೀತೆಯ ಬಗ್ಗೆ ಅಳುಕು ಹೊಸದೇನಲ್ಲ. 1952ರಲ್ಲಿ ಕೇಂದ್ರ ವಾರ್ತಾ ಸಚಿವರಾಗಿದ್ದ ಬಿ.ವಿ. ಕೇಸ್ಕರ್ ಅವರ ಕಾಲದಲ್ಲಿ ಚಿತ್ರಗೀತೆಗಳು ಆಕಾಶವಾಣಿಯಿಂದ ಬಹುಮಟ್ಟಿಗೆ ಮರೆಯಾದವು. ಅವು ಜನರ ಅಭಿರುಚಿಯನ್ನು ಕೆಡಿಸುತ್ತವೆ ಎಂಬುದು ಅವರ ಅಭಿಪ್ರಾಯವಾಗಿತ್ತು. ಜನರು ಸಿಲೋನ್ ರೇಡಿಯೋದ ಕಡೆಗೆ ಮುಳ್ಳು ತಿರುಗಿಸಿದರು. ಕೊನೆಗೆ 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ಆರಂಭವಾಯಿತು. ಹಾಡು ಮನೆಗೆ ಮರಳಿತು.

ಈ ಸಂಗೀತದಲ್ಲಿ ನಮ್ಮ ಇಗರ್ಜಿಗಳ ಪಾಲೂ ಇದೆ. ಪೋರ್ಚುಗೀಸರ ಆಳ್ವಿಕೆಯ ಗೋವೆಯಲ್ಲಿ ಇಗರ್ಜಿಯ ಶಾಲೆಗಳಲ್ಲಿ ಮಕ್ಕಳು ಸ್ವರಲಿಪಿ ಓದಲು, ಪಿಟೀಲು ನುಡಿಸಲು ಕಲಿಯುತ್ತಿದ್ದರು. ಪೂಜೆಯ ಗಾಯನಕ್ಕೆಂದು ಕಲಿತ ಆ ವಿದ್ಯೆ ಹೊಟ್ಟೆಪಾಡಿನ ಹಾದಿಯಲ್ಲಿ ಮುಂಬಯಿ ಸೇರಿ, ಹಿಂದಿ ಚಿತ್ರಗಳ ವಾದ್ಯವೃಂದಕ್ಕೆ ಬೆನ್ನೆಲುಬಾಯಿತು. ಗೋವೆಯ ಮಜೋರ್ಡಾದಲ್ಲಿ 1927ರಲ್ಲಿ ಹುಟ್ಟಿದ ಆಂಥನಿ ಗೊನ್ಸಾಲ್ವಿಸ್ ಅಂಥವರಲ್ಲಿ ಒಬ್ಬರು. ಅವರಿಂದ ಪಿಟೀಲು ಕಲಿತ ಪ್ಯಾರೇಲಾಲ್ ಮುಂದೆ ಹೆಸರಾಂತ ಸಂಗೀತ ನಿರ್ದೇಶಕರಾದರು. 1977ರ 'ಅಮರ್ ಅಕ್ಬರ್ ಆಂಥನಿ' ಚಿತ್ರದಲ್ಲಿ ಗುರುವಿನ ಹೆಸರು ನಾಯಕನ ಹೆಸರಾಗಿ ಹಾಡಿನಲ್ಲಿ ಮೊಳಗಿತು. ಆದ್ದರಿಂದ ಹಾಡು ಸಿನೆಮಾದ್ದು ಎಂಬ ಒಂದೇ ಕಾರಣಕ್ಕೆ ತಾಯಂದಿರು ಅಳುಕಬೇಕಾಗಿಲ್ಲ. ಹಾಡಿನ ಮಾತು ಶುದ್ಧವಾಗಿದೆಯೇ, ಕೇಳಿದ ಮೇಲೆ ನಾನು ಮೊದಲಿಗಿಂತ ಒಳ್ಳೆಯ ಮನುಷ್ಯನಾಗಿ ಏಳುತ್ತೇನೆಯೇ? ಕೇಳಬೇಕಾದ ಪ್ರಶ್ನೆ ಇದು.

ಚಳಿಯ ದಿನ ಹೊದಿಕೆ ಎಳೆಯಬಾರದು

ಈಗ ಸೊಸೆಯ ಪ್ರಶ್ನೆಗೆ ಬರೋಣ. ಪವಿತ್ರ ಗ್ರಂಥದ ಜ್ಞಾನೋಕ್ತಿಗಳ 25ನೆಯ ಅಧ್ಯಾಯದ 20ನೆಯ ವಾಕ್ಯವನ್ನು ತೆರೆದು ನೋಡಿರಿ. ದುಃಖದಲ್ಲಿರುವವನ ಮುಂದೆ ಸಂತೋಷದ ಹಾಡು ಹಾಡುವುದನ್ನು ಜ್ಞಾನಿಯು ಚಳಿಯ ದಿನ ಮೈಮೇಲಿನ ಬಟ್ಟೆಯನ್ನು ತೆಗೆಯುವುದಕ್ಕೆ ಹೋಲಿಸುತ್ತಾನೆ. ನಮ್ಮ ಸೊಸೆ ಮಾಡಿದ್ದು ಇದನ್ನೇ. ಅತ್ತೆ ಇದ್ದ ಜಾಗಕ್ಕೆ ಅವಳು ಹೋಗಲಿಲ್ಲ. ತಾನಿದ್ದ ಜಾಗಕ್ಕೆ ಅತ್ತೆಯನ್ನು ಎಳೆದಳು.

ಸಂಗೀತದಿಂದ ಚಿಕಿತ್ಸೆ ನೀಡುವವರೂ ಇದೇ ಮಾತನ್ನು ಹೇಳುತ್ತಾರೆ. ಅವರು ರೋಗಿಯ ಆಗಿನ ಮನಸ್ಥಿತಿಗೆ ಹೊಂದುವ ಸಂಗೀತದಿಂದ ಆರಂಭಿಸಿ, ಮೆಲ್ಲಮೆಲ್ಲನೆ ಲಯವನ್ನೂ ಭಾವವನ್ನೂ ಬದಲಿಸುತ್ತಾ ಹೋಗುತ್ತಾರೆ. ದುಃಖಿಗೆ ಮೊದಲು ಬೇಕಾದದ್ದು 'ನಿನ್ನ ನೋವು ನನಗೆ ಗೊತ್ತು' ಎನ್ನುವ ಸ್ವರ. 'ಏಳು, ನಡೆ' ಎನ್ನುವ ಸ್ವರ ಅದರ ನಂತರ. ಎಮ್ಮಾವುಸಿನ ದಾರಿಯಲ್ಲಿಯೂ ಪ್ರಭು ಯೇಸು ಬಾಡಿದ ಮುಖದ ಆ ಇಬ್ಬರು ಶಿಷ್ಯರ ಜೊತೆಗೆ ಮೊದಲು ನಡೆದರು, ಅವರ ಮಾತು ಕೇಳಿದರು, ಬೋಧಿಸಿದ್ದು ಆಮೇಲೆ.

ಕನ್ನಡ ಚಿತ್ರಗಳಿಂದಲೇ ಒಂದು ಉದಾಹರಣೆ ನೋಡಿರಿ. 1971ರ 'ಕಸ್ತೂರಿ ನಿವಾಸ' ಮತ್ತು 1972ರ 'ಬಂಗಾರದ ಮನುಷ್ಯ'. ಎರಡಕ್ಕೂ ಸಂಗೀತ ಜಿ.ಕೆ. ವೆಂಕಟೇಶ್ ಅವರದು, ಎರಡರಲ್ಲಿಯೂ ರಾಜ್‌ಕುಮಾರ್ ಅವರಿಗೆ ಪಿ.ಬಿ. ಶ್ರೀನಿವಾಸ್ ಅವರ ದನಿ. ಮೊದಲನೆಯದರ ಬೊಂಬೆಯ ಹಾಡನ್ನು ಕೇಳಿದವರ ಕಣ್ಣು ಒದ್ದೆಯಾಗುತ್ತದೆ. ಎರಡನೆಯದರಲ್ಲಿ ದುಡಿಮೆಗೆ ಹುರಿದುಂಬಿಸುವ ಹಾಡಿದೆ. ನೊಂದವರಿಗೆ ಮೊದಲು ಯಾವುದು, ಅನಂತರ ಯಾವುದು ಎಂಬುದು ಈಗ ನಿಮಗೆ ಹೊಳೆದಿರಬೇಕು.

ಮನೆಯಲ್ಲಿ ಹೀಗೆ ಮಾಡಿರಿ

ಒಂದು: ಹಾಡನ್ನು ನೊಂದವರೇ ಆರಿಸಲಿ. ಕೆನಡಾದ ಮಾಂಟ್ರಿಯಲ್ ನಗರದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಜನರಿಗೆ ಅವರವರ ಮೆಚ್ಚಿನ ಸಂಗೀತವನ್ನೇ ಕೇಳಿಸಲಾಯಿತು. ಮನಸ್ಸಿಗೆ ಮುದ ನೀಡುವ 'ಡೋಪಮಿನ್' ಎಂಬ ರಸ ಅವರ ಮೆದುಳಿನಲ್ಲಿ ಹೊರಬಂತು. ಮೆಚ್ಚಿನ ಸಾಲು ಬಂದಾಗ ಮಾತ್ರವಲ್ಲ, 'ಇನ್ನೇನು ಬರುತ್ತದೆ' ಎಂದು ಕಾಯುವಾಗಲೂ ಅದು ಹೊರಬರುತ್ತಿತ್ತು. ಪರಿಚಿತ ಹಾಡಿಗೇ ಈ ಕಾಯುವ ಸುಖವಿರುವುದು.

ಎರಡು: ಹಿರಿಯರಿಗೆ ಅವರ ಪ್ರಾಯದ ಹಾಡು ಕೊಡಿರಿ. ಹದಿಹರೆಯದಲ್ಲಿ ಮತ್ತು ಅದರ ಆಚೀಚೆ ಕೇಳಿದ ಹಾಡುಗಳು ಮನಸ್ಸಿನಲ್ಲಿ ಆಳವಾಗಿ ಉಳಿಯುತ್ತವೆ. ಅಮ್ಮನ ಹಾಡು ಎಸ್. ಜಾನಕಿಯವರದ್ದಾಗಿರಬಹುದು, ಮಗಳದ್ದು ಬೇರೆ. ಒಬ್ಬರ ಔಷಧಿಯನ್ನು ಇನ್ನೊಬ್ಬರಿಗೆ ಕುಡಿಸಬೇಡಿರಿ.

ಮೂರು: ನಾಲ್ಕೈದು ಹಾಡು ಸಾಕು. ನೋವಿನದು ಒಂದು, ಶಾಂತವಾದದ್ದು ಎರಡು, ಧೈರ್ಯದ್ದು ಒಂದು. ಕೊನೆಯ ಹಾಡು ಮುಗಿದ ಕೂಡಲೇ ಎದ್ದು ಒಂದು ಚಿಕ್ಕ ಕೆಲಸ ಮಾಡಿರಿ: ತುಳಸಿಯೋ ಮಲ್ಲಿಗೆಯೋ, ಒಂದು ಗಿಡಕ್ಕೆ ನೀರು, ತಂಗಿಗೆ ಒಂದು ಫೋನು.

ನಾಲ್ಕು: ಸಾಧ್ಯವಾದರೆ ಜೊತೆಯಾಗಿ ಕೇಳಿರಿ, ಜೊತೆಯಾಗಿ ಗುನುಗಿರಿ. ಕಿವಿಗೆ ತಂತಿ ಸಿಕ್ಕಿಸಿಕೊಂಡರೆ ಹಾಡು ಒಬ್ಬರದ್ದೇ ಆಗುತ್ತದೆ. ಅಡುಗೆಮನೆಯಲ್ಲಿ ಹಚ್ಚಿದರೆ ಮನೆಯದ್ದಾಗುತ್ತದೆ.

ಹಾಡು ಗಾಯವನ್ನು ಕೆದಕುವಾಗ

ಎಚ್ಚರಿಕೆಯ ಮಾತೂ ಬೇಕು. ಕಣ್ಣೀರು ಬರಿಸುವ ಹಾಡು ಒಮ್ಮೆ ಕೇಳಿದರೆ ಭಾರ ಇಳಿಯುತ್ತದೆ. ಅದನ್ನೇ ರಾತ್ರಿ ಹನ್ನೆರಡರ ಮೇಲೆ, ದೀಪ ಆರಿಸಿ, ಹತ್ತು ಸಲ ಕೇಳಿದರೆ ಮನಸ್ಸು ಗಾಣದೆತ್ತಿನಂತೆ ಅದೇ ನೋವಿನ ಸುತ್ತ ತಿರುಗುತ್ತದೆ. ಪ್ರೀತಿಯಲ್ಲಿ ಸೋತ ಯುವಕರು, ಪರೀಕ್ಷೆಯಲ್ಲಿ ಅಂಕ ಕಡಿಮೆಯಾದ ವಿದ್ಯಾರ್ಥಿಗಳು ಈ ಸುಳಿಯಲ್ಲಿ ಸಿಲುಕುವುದುಂಟು. ಹಳೆಯ ಹಾಡಿನ ಜೊತೆಗೆ ಮದ್ಯದ ಗ್ಲಾಸು ಸೇರಿದರೆ ಅಪಾಯ ಇಮ್ಮಡಿ. ಹಾಡು ಮುಗಿದ ಮೇಲೆ ಮನಸ್ಸು ಹಗುರವಾಗಿದೆಯೇ, ಇನ್ನೂ ಭಾರವಾಗಿದೆಯೇ ಎಂದು ನೀವೇ ಪರೀಕ್ಷಿಸಿರಿ. ಭಾರವಾಗಿದ್ದರೆ ಆ ಹಾಡನ್ನು ಸ್ವಲ್ಪ ಕಾಲ ಬದಿಗಿಡಿರಿ.

ಸೌಲನ ಈಟಿಯನ್ನು ಮರೆಯದಿರೋಣ

ಮನ ಕುಗ್ಗಿದ ಅರಸ ಸೌಲನ ಮುಂದೆ ದಾವೀದನು ಕಿನ್ನರಿ ನುಡಿಸಿದ ಕಥೆ ನಮಗೆಲ್ಲ ಗೊತ್ತು. ಸಮುವೇಲನ ಮೊದಲನೆಯ ಗ್ರಂಥದ 16ನೆಯ ಅಧ್ಯಾಯದಲ್ಲಿ ಸೌಲನಿಗೆ ಉಪಶಮನ ಸಿಗುತ್ತದೆ. ನಾವು ಅಲ್ಲಿಗೇ ಪುಸ್ತಕ ಮುಚ್ಚುತ್ತೇವೆ. ಮುಂದೆ ಓದಿರಿ. 18 ಮತ್ತು 19ನೆಯ ಅಧ್ಯಾಯಗಳಲ್ಲಿ ಅದೇ ದಾವೀದ ಅದೇ ಕಿನ್ನರಿ ನುಡಿಸುತ್ತಿರುವಾಗ ಸೌಲನು ಅವನ ಮೇಲೆ ಈಟಿ ಎಸೆಯುತ್ತಾನೆ. ಸಂಗೀತ ಸೌಲನಿಗೆ ವಿರಾಮ ಕೊಟ್ಟಿತು. ಅವನನ್ನು ಪೂರ್ತಿ ಗುಣಪಡಿಸಲಿಲ್ಲ.

ವೈದ್ಯಶಾಸ್ತ್ರ ಹೇಳುವುದೂ ಇದಕ್ಕೆ ದೂರವಲ್ಲ. ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯು 2017ರಲ್ಲಿ ಖಿನ್ನತೆ ಮತ್ತು ಸಂಗೀತ ಚಿಕಿತ್ಸೆಯ ಕುರಿತು 9 ಅಧ್ಯಯನಗಳನ್ನು ಪರಿಶೀಲಿಸಿತು. ಅವುಗಳಲ್ಲಿ ಒಟ್ಟು 421 ಜನರಿದ್ದರು. ಎಂದಿನ ಚಿಕಿತ್ಸೆಯ ಜೊತೆಗೆ ಸಂಗೀತ ಚಿಕಿತ್ಸೆಯೂ ಸೇರಿದಾಗ, ಅಲ್ಪಾವಧಿಯಲ್ಲಿ ಹೆಚ್ಚಿನ ಪ್ರಯೋಜನ ಕಂಡಿತು. 'ಜೊತೆಗೆ' ಎಂಬ ಮಾತನ್ನು ಗಮನಿಸಿರಿ. ತರಬೇತಿ ಪಡೆದವರು ನೀಡುವ ಆ ಚಿಕಿತ್ಸೆಯೇ ಔಷಧೋಪಚಾರಕ್ಕೆ ಜೊತೆಗಾರನಾದರೆ, ಮನೆಯ ರೇಡಿಯೋ ವೈದ್ಯರ ಸ್ಥಾನ ತುಂಬೀತೇ?

ಎರಡು ವಾರ ದಾಟಿದರೂ ಬೇಸರ ಇಳಿಯದಿದ್ದರೆ, ನಿದ್ದೆ, ಊಟ ಕೆಟ್ಟಿದ್ದರೆ, ಮೆಚ್ಚಿನ ಹಾಡೂ ಸಪ್ಪೆಯೆನಿಸಿದರೆ ವೈದ್ಯರನ್ನು ಕಾಣಿರಿ. 'ಬದುಕು ಸಾಕು' ಎಂಬ ಮಾತು ಬಾಯಿಂದ ಬಂದರಂತೂ ಎರಡು ವಾರ ಕಾಯಬೇಡಿರಿ. ಅವರನ್ನು ಒಂಟಿಯಾಗಿ ಬಿಡದೆ ಅಂದೇ ಕರೆದೊಯ್ಯಿರಿ. ಇದು ವಿಶ್ವಾಸದ ಕೊರತೆಯಲ್ಲ, ಪಾಪವೂ ಅಲ್ಲ, ಕಾಯಿಲೆ. ಕಡಿಯಾಳಿಯವರಿಗೆ ದಾರಿ ದೂರವಿಲ್ಲ. ದೊಡ್ಡಣಗುಡ್ಡೆಯಲ್ಲಿ ಡಾ. ಎ.ವಿ. ಬಾಳಿಗಾ ಸ್ಮಾರಕ ಆಸ್ಪತ್ರೆ ಇದೆ, ಮಣಿಪಾಲದಲ್ಲಿ ಡಾ. ಟಿ.ಎಂ.ಎ. ಪೈಯವರು 1953ರಲ್ಲಿ ಸ್ಥಾಪಿಸಿದ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಮನೆಯಿಂದ ಹೊರಡಲಾಗದವರು ಸರಕಾರವು 2022ರಲ್ಲಿ ಆರಂಭಿಸಿದ 'ಟೆಲಿ ಮಾನಸ್' ಸಹಾಯವಾಣಿಗೆ 14416 ಸಂಖ್ಯೆಯಲ್ಲಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತಾಡಬಹುದು.

ಮರಳಿ ಆ ಮನೆಗೆ

ಮರುದಿನ ಸಂಜೆ ಸೊಸೆ ಬಾಗಿಲು ತಟ್ಟಿ ಬೇರೊಂದು ಮಾತು ಕೇಳಲಿ: "ಮಾಯಿ, ಮಾಮನಿಗೆ ಯಾವ ಹಾಡು ಇಷ್ಟವಿತ್ತು?" ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು ಒಂದು ಹಳೆಯ ಚಿತ್ರದ ಹೆಸರು ಹೇಳಿಯಾರು. ಹಾಡು ಹಚ್ಚಿದಾಗ ಅತ್ತಾರು. ಅಳಲಿ. ಸೊಸೆ ಹತ್ತಿರ ಕುಳಿತಿರಲಿ. ಹಾಡು ಮುಗಿದ ಮೇಲೆ, ಆ ಚಿತ್ರವನ್ನು ಯಾರ ಜೊತೆ, ಎಲ್ಲಿ ನೋಡಿದ್ದು ಎಂಬ ಮಾತು ತಾನಾಗಿಯೇ ಬಂದೀತು. ನಲವತ್ತು ದಿನಗಳಲ್ಲಿ ಆಡದ ಮಾತು ಅದಾಗಿರಬಹುದು.

ಉಡುಪಿಯ ಇಗರ್ಜಿ ಶೋಕಮಾತೆಯ ಹೆಸರಿನದು. ಶಿಲುಬೆಯ ಕೆಳಗೆ ಆ ತಾಯಿ ಒಂಟಿಯಾಗಿರಲಿಲ್ಲ. ಜೊತೆಗೆ ಕೆಲವರು ನಿಂತಿದ್ದರು. ಹಾಡು ಮಾಡಬಲ್ಲ ದೊಡ್ಡ ಉಪಕಾರವೂ ಇದೇ: ಒಬ್ಬರ ಪಕ್ಕದಲ್ಲಿ ಇನ್ನೊಬ್ಬರನ್ನು ತಂದು ನಿಲ್ಲಿಸುವುದು.

ಕುಟುಂಬದಲ್ಲಿ ಚರ್ಚಿಸಿರಿ

1. ನಮ್ಮ ಮನೆಯ ಹಿರಿಯರ ಮೆಚ್ಚಿನ ಹಾಡು ಯಾವುದೆಂದು ನಮಗೆ ಗೊತ್ತಿದೆಯೇ?
2. ದುಃಖದಲ್ಲಿರುವವರನ್ನು ನಾವು ಕೇಳಿಸಿಕೊಳ್ಳುತ್ತೇವೆಯೇ, ಅಥವಾ ಅವಸರದಿಂದ ನಗಿಸಲು ನೋಡುತ್ತೇವೆಯೇ?
3. ನಮ್ಮ ವಾರ್ಡಿನಲ್ಲಿ ಇತ್ತೀಚೆಗೆ ಸಾವಾದ ಮನೆ ಯಾವುದು? ಈ ವಾರ ಅಲ್ಲಿಗೆ ಯಾರು ಹೋಗುತ್ತೀರಿ?