ಚೀನದ ಆಸ್ಪತ್ರೆಯಲ್ಲಿ ಸೊಲ್ಲಾಪುರದ ವೈದ್ಯ

ಕಷ್ಟದಲ್ಲಿರುವ ದೇಶದ ಆಸ್ಪತ್ರೆಗೆ ಸೇವೆಗೆಂದು ಹೋಗುವವನು ಏನನ್ನು ಕೊಂಡೊಯ್ಯಬೇಕು? ಔಷಧ, ಉಪಕರಣ, ಹಣ ಎಂದು ನಾವು ಥಟ್ಟನೆ ಹೇಳಿಬಿಡುತ್ತೇವೆ. ಇವು ಬೇಕಾದುವೇ ಸರಿ. ಆದರೆ ಡಾ. ದ್ವಾರಕಾನಾಥ ಕೋಟ್ನಿಸರ ಜೀವನವನ್ನು ಓದಿದವರಿಗೆ ಇನ್ನೊಂದು ಉತ್ತರವೂ ಹೊಳೆಯದಿರದು.

ಕೋಟ್ನಿಸರು 1910ರಲ್ಲಿ ಸೊಲ್ಲಾಪುರದಲ್ಲಿ ಜನಿಸಿದರು. ಶಿವಯೋಗಿ ಸಿದ್ಧರಾಮನು ಕೆರೆ ಕಟ್ಟಿಸಿದ ಊರು ಅದು. ಮರಾಠಿ, ಕನ್ನಡ, ತೆಲುಗು ಮೂರೂ ಅಲ್ಲಿಯ ಬೀದಿಗಳಲ್ಲಿ ಕೇಳಿಬರುತ್ತವೆ. ಅವರು ಮುಂಬಯಿಯಲ್ಲಿ ವೈದ್ಯವಿದ್ಯೆ ಕಲಿತರು. 1937ರಲ್ಲಿ ಜಪಾನು ಚೀನದ ಮೇಲೆ ದಂಡೆತ್ತಿತು. ಗಾಯಾಳುಗಳಿಗೆ ಸಾಕಷ್ಟು ವೈದ್ಯರಿಲ್ಲದೆ ಆ ದೇಶವು ನಮ್ಮ ನೆರವನ್ನು ಕೋರಿತು. ಆಗ ನಾವೇ ಪರಾಧೀನರು, ಬಡವರು. ಆದರೂ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದ ಸುಭಾಷಚಂದ್ರ ಬೋಸರ ಕರೆಗೆ ಓಗೊಟ್ಟು ಜನರು 22,000 ರೂಪಾಯಿ ಕೂಡಿಸಿದರು. 1938ರ ಸೆಪ್ಟೆಂಬರಿನಲ್ಲಿ ಐವರು ವೈದ್ಯರು ಹಡಗು ಹತ್ತಿದರು.

ಉಳಿದ ನಾಲ್ವರೂ ಕಾಲಾಂತರದಲ್ಲಿ ಸ್ವದೇಶಕ್ಕೆ ಮರಳಿದರು. ಕೋಟ್ನಿಸರು ಮರಳಲಿಲ್ಲ. ತಂದೆ ತೀರಿಕೊಂಡ ಸುದ್ದಿ ಚೀನದಲ್ಲಿರುವಾಗಲೇ ಬಂದಿತು. ಆದರೂ ಅಲ್ಲಿಯೇ ನಿಂತರು. ಕೆನಡಾದ ವೈದ್ಯ ನಾರ್ಮನ್ ಬೆಥೂನರ ಹೆಸರಿನ ಆಸ್ಪತ್ರೆಗೆ 1941ರಲ್ಲಿ ನಿರ್ದೇಶಕರಾದರು. ನನಗೆ ಎಲ್ಲಕ್ಕಿಂತ ದೊಡ್ಡದಾಗಿ ತೋರುವುದು ಅವರು ಚೀನೀ ಭಾಷೆಯನ್ನು ಕಲಿತದ್ದು. ವಿದ್ಯಾರ್ಥಿಗಳಿಗೆ ಆ ಭಾಷೆಯಲ್ಲಿಯೇ ಶಸ್ತ್ರವೈದ್ಯವನ್ನು ಬೋಧಿಸಿದರು. ರೋಗಿಯ ನೋವನ್ನು ಅವನ ಮಾತಿನಲ್ಲಿಯೇ ಕೇಳಲಾರದ ವೈದ್ಯನು ಅರ್ಧ ವೈದ್ಯನೆಂದೇ ನನ್ನ ಭಾವನೆ. ಚೀನದವರಿಗೆ ಅವರು 'ಕೆ ದಿಹುವಾ' ಆದರು. ಅಲ್ಲಿಯ ದಾದಿ ಗುವೊ ಚಿಂಗ್‌ಲಾನ್‌ರನ್ನು ವಿವಾಹವಾಗಿ, ಮಗನಿಗೆ 'ಯಿನ್‌ಹುವಾ' ಎಂದು ಹೆಸರಿಟ್ಟರು: 'ಯಿನ್' ಎಂದರೆ ಭಾರತ, 'ಹುವಾ' ಎಂದರೆ ಚೀನ. ಮಗು ಇನ್ನೂ ಎಳೆಗೂಸಾಗಿರುವಾಗಲೇ, 1942ರ ಡಿಸೆಂಬರ್ 9ರಂದು, ಮೂರ್ಛೆರೋಗದಿಂದ ತೀರಿಕೊಂಡರು. ವಯಸ್ಸು ಮೂವತ್ತೆರಡು.

ಇದು ಯುದ್ಧಕಾಲದ ಪರದೇಶದ ಮಾತಾಯಿತು. ನಮ್ಮ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳಲ್ಲಿ ರೋಗಿಗೂ ವೈದ್ಯನಿಗೂ ಕನ್ನಡ ಬರುವುದಲ್ಲವೇ ಎನ್ನಬಹುದು. ಮಾತಿಗೆ ಕನ್ನಡವುಂಟು, ಔಷಧದ ಚೀಟಿ, ರಕ್ತಪರೀಕ್ಷೆಯ ವರದಿಗಳು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತವೆ. ನಮ್ಮ ಮನೆತನದಲ್ಲಿ ಕಾಲೇಜು ಕಂಡವನು ನಾನೊಬ್ಬನೇ. ಸಂಜೆಯಾದರೆ ಕೇರಿಯ ಹಿರಿಯರು ಮಾತ್ರೆಯ ಪೊಟ್ಟಣಗಳನ್ನು ನನ್ನ ಮುಂದೆ ಹಿಡಿಯುತ್ತಾರೆ: "ಇದು ಉಂಡ ಮೇಲೋ, ಉಣ್ಣೋಕ್ ಮುಂಚೆನೋ, ನೋಡಪ್ಪಾ." ಡಾಕ್ಟರು ಹೇಳಿಯೇ ಇರುತ್ತಾರೆ. ಉದ್ದದ ಸರದಿಯಲ್ಲಿ ನಿಂತು ಒಳಗೆ ಹೋದವರಿಗೆ ಮತ್ತೊಮ್ಮೆ ಕೇಳುವ ಧೈರ್ಯ ಬಂದಿರುವುದಿಲ್ಲ.

1969ರಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯ ವಿದ್ಯಾರ್ಥಿಯು ವರ್ಷಕ್ಕೆ 120 ಗಂಟೆ ಸೇವೆ ಸಲ್ಲಿಸತಕ್ಕದ್ದು. ರಸ್ತೆ ಗುಡಿಸುವುದು, ಗಿಡ ನೆಡುವುದು ನಡೆದೇ ಇದೆ. (ನೆಟ್ಟ ಗಿಡಕ್ಕೆ ನೀರೆರೆಯುವವರಾರೆಂಬುದು ಬೇರೆ ಮಾತು.) ತಾಲ್ಲೂಕು ಆಸ್ಪತ್ರೆಯಲ್ಲಿ ಔಷಧ ಕೊಡುವ ಕಿಟಕಿಯ ಪಕ್ಕದಲ್ಲಿ ವಾರಕ್ಕೆ ಮೂರು ಗಂಟೆ ಕುಳಿತು, ಔಷಧ ಕೊಡುವವರು ಹೇಳಿದ್ದನ್ನು ಪೊಟ್ಟಣದ ಮೇಲೆ ಕನ್ನಡದಲ್ಲಿ ಬರೆದುಕೊಡಬಹುದು. ಓದಬಾರದವರಿಗೆ ಬೆಳಗಿನ ಮಾತ್ರೆಗೆ ಸೂರ್ಯನನ್ನೂ ರಾತ್ರಿಯದಕ್ಕೆ ಚಂದ್ರನನ್ನೂ ಬರೆದರಾಯಿತು. ನಲವತ್ತು ವಾರಗಳಲ್ಲಿ ಆ 120 ಗಂಟೆಗಳು ತುಂಬುತ್ತವೆ.